ವ್ಯಾನ್ ಟಾಪಿಗೆ ಸೋಲಾರ್: ಪ್ಯಾನೆಲ್ ಕೂರಿಸುವುದು ಸುಲಭ, ನೀರು ತಡೆಯುವುದು ಕೆಲಸ

ಗಾಡಿ ಟಾಪಿಗೆ ಸೋಲಾರ್ ಹಾಕಬೇಕು ಎಂದು ಯಾರಾದರೂ ಬಂದರೆ ನಾನು ವ್ಯಾಟ್ ಎಷ್ಟು, ಬ್ಯಾಟರಿ ಯಾವುದು ಎಂದು ಮೊದಲು ಕೇಳುವುದಿಲ್ಲ. ಕೇಬಲ್ ಒಳಗೆ ಹೇಗೆ ಇಳಿಸುತ್ತೀರಿ ಎಂದು ಕೇಳುತ್ತೇನೆ. ಜಾಸ್ತಿ ಜನ ಅದನ್ನು ಯೋಚಿಸಿರುವುದೇ ಇಲ್ಲ. ನಾನೂ ಯೋಚಿಸಿರಲಿಲ್ಲ.

ನಮ್ಮದು ಹಳೇ ಫೋರ್ಸ್ ಟ್ರಾವೆಲರ್. ಎಲ್ಲರೂ ಟಿಟಿ ಅನ್ನುತ್ತಾರಲ್ಲ, ಅದೇ. ಸೀಟು ಕಿತ್ತು ಒಂದು ಮಂಚ, ಸಣ್ಣ ಅಡುಗೆ ಕಟ್ಟೆ, 12 ವೋಲ್ಟಿನ ಫ್ರಿಜ್ ಹಾಕಿಕೊಂಡಿದ್ದೇವೆ. ಟಾಪಿನ ಮೇಲೆ 100 ವ್ಯಾಟಿನ ಎರಡು ಪ್ಯಾನೆಲ್. ಮೊದಲ ಸಲ ಎಲ್ಲ ನಾನೇ ಮಾಡಿದ್ದು. ಟಾಪಿಗೆ ಒಂದೇ ತೂತು, ಒಂದೇ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿದು ನೀರು ತಡೆಯುವ ತಿರುಪಿನ ಬಿರಡೆ), ಅದರಲ್ಲೇ ಎರಡೂ ಕೇಬಲ್ ಒತ್ತಿ ತೂರಿಸಿ, ಬಾತ್‌ರೂಮಿಗೆ ತಂದಿದ್ದ ಸಿಲಿಕೋನ್ ಅರ್ಧ ಟ್ಯೂಬ್ ಉಳಿದಿತ್ತಲ್ಲ ಎಂದು ಅದನ್ನೇ ಸುತ್ತ ಬಳಿದುಬಿಟ್ಟೆ. ಬೆಂಗಳೂರಿನ ಮಳೆಗೆ ಏನೂ ಆಗಲಿಲ್ಲ. ಜುಲೈನಲ್ಲಿ ಆಗುಂಬೆಗೆ ಹೋದೆವು. ರಾತ್ರಿ ಎರಡು ಗಂಟೆಗೆ ಹೆಂಡತಿ ತಟ್ಟಿ ಎಬ್ಬಿಸಿದಳು: "ರೀ, ದಿಂಬು ಒದ್ದೆ ಆಗಿದೆ ನೋಡಿ."

ನೀರು ತೊಟ್ಟಿಕ್ಕುತ್ತಿದ್ದದ್ದು ತಲೆ ಮೇಲಿನ ಎಲ್‌ಇಡಿ ದೀಪದ ತೂತಿನಿಂದ. ಗ್ಲ್ಯಾಂಡ್ ಇದ್ದದ್ದು ಅಲ್ಲಿಂದ ನಾಲ್ಕು ಅಡಿ ಹಿಂದೆ. ನಾನು ದೀಪದ ನೇರಕ್ಕೆ ಟಾಪಿನ ಮೇಲೆ ಏನೋ ಬಿರುಕಿದೆ ಎಂದುಕೊಂಡು ಮಳೆ ಬಿಟ್ಟಾಗಲೆಲ್ಲ ಹತ್ತಿ ಅಲ್ಲೇ ಟೇಪ್ ಅಂಟಿಸಿದ್ದೇ ಅಂಟಿಸಿದ್ದು. ಊರಿಗೆ ಬಂದು ಒಳಗಿನ ಪ್ಲೈ ಬಿಚ್ಚಿದಾಗ ಗೊತ್ತಾಯಿತು. ನೀರು ಎರಡು ಕೇಬಲ್ ನಡುವಿನ ಸಂದಿಯಿಂದ ಇಳಿದು, ಕೇಬಲ್ ಹಿಡಿದುಕೊಂಡೇ ಮುಂದೆ ಹರಿದು, ಪ್ಲೈ ಮೇಲೆ ನಿಂತು, ಸಿಕ್ಕ ಮೊದಲ ತೂತಿನಿಂದ ಕೆಳಗೆ ಬಿದ್ದಿದೆ. ಒಳಗೆ ಬಂದ ಜಾಗ ಬೇರೆ, ಕಾಣಿಸಿಕೊಂಡ ಜಾಗ ಬೇರೆ. ಪ್ಲೈ ಹಿಂದೆ ಹಾಕಿದ್ದ ಇನ್ಸುಲೇಶನ್ ಹಿಂಡಿದರೆ ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ ನೀರು ಬಂತು.

ಎರಡನೇ ಸಲ ಎಲ್ಲ ಬಿಚ್ಚಿ ಮೊದಲಿನಿಂದ ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಟಿನ್ ಬಾಡಿಯ ಯಾವ ವ್ಯಾನಿಗಾದರೂ ಹೆಚ್ಚುಕಡಿಮೆ ಇದೇ ಕ್ರಮ. ಫೈಬರ್ ಟಾಪ್ ಇದ್ದರೆ ತುಕ್ಕು, ಅಯಸ್ಕಾಂತದ ಮಾತು ಬಿಟ್ಟು ಉಳಿದದ್ದೆಲ್ಲ ಅನ್ವಯಿಸುತ್ತದೆ.

ಹತ್ತುವ ಮುಂಚೆ

ಮೊದಲು ಕಾಗದದ ಕೆಲಸ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಸೀಟು ಕಿತ್ತು ಕ್ಯಾಂಪರ್ ಮಾಡುವುದೇ ದೊಡ್ಡ ಬದಲಾವಣೆ, ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಆ ಅರ್ಜಿ ಹಾಕುವಾಗಲೇ ಟಾಪಿನ ಪ್ಯಾನೆಲ್ ವಿಷಯವನ್ನೂ ಕೇಳಿಬಿಡಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಇಷ್ಟು ಸಾಕು, ಇದರ ಬಗ್ಗೆ ಉದ್ದ ಬರೆದರೆ ಬೇರೆ ಲೇಖನವೇ ಆಗುತ್ತದೆ.

ಆಮೇಲೆ ಟಾಪ್ ತೊಳೆದು, ಬಣ್ಣ ಪರೀಕ್ಷೆ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅಂಟಿಸುವ ಕೆಲಸದ ಜೀವವೇ ಇಲ್ಲಿದೆ. ಒಳ್ಳೆಯ ಅಂಟು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಟಿನ ಕೆಳಗಿನ ಬಣ್ಣ ಬಿಡುತ್ತದೆ. ಹಳೇ ಟಿಟಿ ಎಂದರೆ ಎಲ್ಲೋ ಒಮ್ಮೆ ಟಿಂಕರಿಂಗ್ ಆಗಿರುತ್ತದೆ, ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿರುತ್ತಾರೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಟಾಪಿನ ಮೇಲೆ ನಿಧಾನಕ್ಕೆ ಎಳೆಯಿರಿ. ತಗಡು ಇರುವಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ಪುಟ್ಟಿ ದಪ್ಪ ಇರುವಲ್ಲಿ ಸಡಿಲ ಬಿಡುತ್ತದೆ. ಅಂಥ ಜಾಗಕ್ಕೆ ಬ್ರಾಕೆಟ್ ಬರಬಾರದು. ಬರಲೇಬೇಕಾದರೆ ಪುಟ್ಟಿ ಕೆರೆದು ತಗಡು ಕಾಣಿಸಿ, ಪ್ರೈಮರ್ ಮತ್ತು ಬಣ್ಣ ಹೊಸದಾಗಿ ಹೊಡೆಸಿ, ಒಂದೆರಡು ವಾರ ಒಣಗಲು ಬಿಡಿ. ಇನ್ನೊಂದು ಸುಲಭ ಪರೀಕ್ಷೆ: ಬ್ಲೇಡಿನಿಂದ ಸಣ್ಣ ಚೌಕ ಗೀರು ಹಾಕಿ, ಗಟ್ಟಿ ಟೇಪ್ ಒತ್ತಿ, ಜೋರಾಗಿ ಕೀಳಿ. ಬಣ್ಣ ಟೇಪಿನ ಜೊತೆ ಬಂದರೆ ನಿಮ್ಮ ಪ್ಯಾನೆಲ್ಲೂ ಒಂದು ದಿನ ಹಾಗೇ ಬರುತ್ತದೆ.

ಪ್ಯಾನೆಲ್ ಅಳತೆಯ ರಟ್ಟು ಕತ್ತರಿಸಿ ಟಾಪಿನ ಮೇಲಿಟ್ಟು ನೋಡಿ. ಟಿಟಿಯಲ್ಲಿ ಎಸಿ ಡಬ್ಬಿ ಮೇಲಿದ್ದರೆ ಅದರ ನೆರಳು ಬೆಳಗ್ಗೆ, ಸಂಜೆ ಎಲ್ಲಿ ಬೀಳುತ್ತದೆ ಎಂದು ಒಂದು ದಿನ ಸುಮ್ನೆ ಗಮನಿಸಿ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೆ ಆ ಮೂಲೆಯಷ್ಟೇ ಕರೆಂಟ್ ಕಡಿಮೆ ಆಗುವುದಿಲ್ಲ. ಸೆಲ್‌ಗಳು ಒಂದರ ಹಿಂದೆ ಒಂದು ಸರಪಣಿಯಂತೆ ಇರುವುದರಿಂದ ಅರ್ಧ ಪ್ಯಾನೆಲ್ಲೇ ಮಲಗಿಬಿಡಬಹುದು.

ಯಾವ ಪ್ಯಾನೆಲ್ ಎಂಬುದಕ್ಕೆ ನನ್ನ ಉತ್ತರ ಚಿಕ್ಕದು: ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಪ್ಯಾನೆಲ್, 100 ರಿಂದ 200 ವ್ಯಾಟ್ ಒಳಗಿನದು. 100 ವ್ಯಾಟಿನದು ಸುಮಾರು ಒಂದು ಮೀಟರ್ ಉದ್ದ, 67 ಸೆಂಟಿಮೀಟರ್ ಅಗಲ, ಏಳೆಂಟು ಕೆಜಿ ಇರುತ್ತದೆ. ಇಬ್ಬರು ಸೇರಿ ಮೇಲಕ್ಕೆ ಸಾಗಿಸಬಹುದು. ಮನೆ ಟೆರೇಸಿಗೆ ಹಾಕುವ 540 ವ್ಯಾಟಿನದು ಅಗ್ಗ ಎಂದು ಕೆಲವರು ತರುತ್ತಾರೆ. ಅದು ಎರಡು ಕಾಲು ಮೀಟರ್ ಉದ್ದ, 28 ಕೆಜಿ ಹತ್ತಿರ. ಹಳ್ಳಿ ರಸ್ತೆಯಲ್ಲಿ ಗಾಡಿ ಮೈ ತಿರುಚುವುದನ್ನು ಆ ಗಾಜು ಎಷ್ಟು ದಿನ ತಡೆದೀತು ಎಂದು ಹೇಳುವ ಧೈರ್ಯ ನನಗಿಲ್ಲ. ಬಾಗುವ ತೆಳು ಪ್ಯಾನೆಲ್ಲನ್ನು ನೇರ ತಗಡಿಗೆ ಅಂಟಿಸುವುದೂ ನಮ್ಮ ಬಿಸಿಲಿಗೆ ಒಳ್ಳೆಯದಲ್ಲ, ಕೆಳಗೆ ಗಾಳಿ ಆಡುವುದಿಲ್ಲ. ಪ್ಯಾನೆಲ್ ಬಿಸಿಯಾದಷ್ಟೂ ಕರೆಂಟ್ ಕಡಿಮೆ. ಲೇಬಲ್ಲಿನ ಲೆಕ್ಕ 25 ಡಿಗ್ರಿಗೆ ಬರೆದದ್ದು. 65 ಡಿಗ್ರಿಗೆ ಏರಿದರೆ ಹತ್ತಿರ ಹತ್ತಿರ 14 ಶೇಕಡಾ ಅಲ್ಲೇ ಹೋಯಿತು. ಅದಕ್ಕೇ ಪ್ಯಾನೆಲ್ ಕೆಳಗೆ ಮೂರರಿಂದ ಐದು ಸೆಂಟಿಮೀಟರ್ ಸಂದಿ ಬಿಡುವುದು.

ಓರೆ ಮಾಡುವ ಸ್ಟ್ಯಾಂಡ್ ಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಬೇಡ. ಯುರೋಪಿನ ವಿಡಿಯೊ ನೋಡಿ ಬರುವ ಆಸೆ ಅದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಸುಮಾರು 80 ಶೇಕಡಾ ಮಲಗಿಸಿದ ಪ್ಯಾನೆಲ್ಲಿಗೂ ಸಿಗುತ್ತದೆ. ಆ 20 ಶೇಕಡಾಕ್ಕೋಸ್ಕರ ಕೀಲು, ಕಾಲು, ಸ್ಕ್ರೂ ಎಂದು ಕಳಚಿಕೊಳ್ಳುವ ಸಾಮಾನು ಜಾಸ್ತಿ ಮಾಡಿಕೊಳ್ಳುವುದು ಯಾಕೆ?

ಕ್ಯಾರಿಯರ್, ಬೋಲ್ಟ್, ಅಂಟು

ಟಾಪಿನ ಮೇಲೆ ಲಗೇಜ್ ಕ್ಯಾರಿಯರ್ ಇದ್ದರೆ ನೀವು ಅದೃಷ್ಟವಂತರು. ಅದು ಹೆಚ್ಚಾಗಿ ಅಂಚಿನ ನೀರು ಹರಿಯುವ ಗಟಾರದ ಮೇಲೆ ಕಾಲೂರಿ ನಿಂತಿರುತ್ತದೆ. ಪ್ಯಾನೆಲ್ಲಿನ ಚೌಕಟ್ಟಿಗೆ ಎಲ್ ಆ್ಯಂಗಲ್ ಹಾಕಿ ಕ್ಯಾರಿಯರ್ ಪೈಪಿಗೆ ಬಿಗಿದರೆ ಮುಗಿಯಿತು, ಟಾಪಿಗೆ ಒಂದೂ ತೂತಿಲ್ಲ. ಸ್ಟೇನ್‌ಲೆಸ್ ಬೋಲ್ಟ್ ಮತ್ತು ಒಳಗೆ ನೈಲಾನ್ ಬಳೆ ಇರುವ ನಟ್ಟು ಹಾಕಿ. ಮಾಮೂಲಿ ನಟ್ಟು ಒಂದು ಘಾಟಿ ಇಳಿಯುವಷ್ಟರಲ್ಲಿ ಸಡಿಲ ಆಗುತ್ತದೆ. ಬೆಂಗಳೂರಿನಲ್ಲಿ ಎಸ್.ಜೆ.ಪಿ. ರೋಡ್ ಸುತ್ತಿದರೆ ಇವೆಲ್ಲ ಸಿಗುತ್ತವೆ. ಕರಾವಳಿಯಲ್ಲಿ ಗಾಡಿ ಇಡುವವರು ಸ್ಟೀಲು ಮತ್ತು ಅಲ್ಯೂಮಿನಿಯಂ ಸೇರುವಲ್ಲಿ ನೈಲಾನ್ ವಾಷರ್ ಇಡಿ, ಉಪ್ಪು ಗಾಳಿಗೆ ಆ ಎರಡು ಲೋಹ ತಾಗಿದಲ್ಲಿ ಅಲ್ಯೂಮಿನಿಯಂ ಸವೆದು ಹೋಗುತ್ತದೆ.

ನಮ್ಮ ಗಾಡಿಗೆ ಕ್ಯಾರಿಯರ್ ಇರಲಿಲ್ಲ. ವೆಲ್ಡಿಂಗ್ ಅಂಗಡಿಯ ಅಣ್ಣನನ್ನು ಕೇಳಿದೆ. "ಎಂಟು ಬೋಲ್ಟ್ ಹೊಡೆದುಬಿಡೋಣ ಸಾರ್, ಆನೆ ಎಳೆದ್ರೂ ಬರಲ್ಲ" ಎಂದರು. ಆನೆಯ ಭಯ ನನಗಿರಲಿಲ್ಲ. ಎಂಟು ಬೋಲ್ಟ್ ಎಂದರೆ ಎಂಟು ತೂತು, ಎಂಟು ಕಡೆ ತುಕ್ಕು, ಎಂಟು ಕಡೆ ನೀರು. ತೆಳು ತಗಡಿಗೆ ಬೋಲ್ಟ್ ಬಿಗಿದರೆ ಅದರ ಸುತ್ತ ತಗಡು ಸ್ವಲ್ಪ ಕುಸಿದು ಬಟ್ಟಲಿನ ಹಾಗೆ ಆಗುತ್ತದೆ, ನೀರು ನಿಲ್ಲುವುದೂ ಅಲ್ಲೇ. ನಾನು ಅಂಟನ್ನೇ ಆರಿಸಿಕೊಂಡೆ.

ಅಂಟು ತಡೆಯುತ್ತದಾ ಎಂಬ ಅನುಮಾನ ಸಹಜ. ಲೆಕ್ಕ ನೋಡಿ. 100 ಕಿಮೀ ವೇಗದಲ್ಲಿ ಗಾಳಿ ಒಂದು ಚದರ ಮೀಟರಿಗೆ ಸುಮಾರು 47 ಕೆಜಿ ತೂಕದಷ್ಟು ಒತ್ತುತ್ತದೆ. 50ರಲ್ಲಿ ಅದರ ಕಾಲು ಭಾಗ ಮಾತ್ರ, ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ನಮ್ಮ ಪ್ಯಾನೆಲ್ ಒಂದೊಂದೂ ಮುಕ್ಕಾಲು ಚದರ ಮೀಟರೂ ಇಲ್ಲ. ಅಂಗೈ ಅಗಲದ ನಾಲ್ಕು ಮೂಲೆಗಳಲ್ಲಿ ಸರಿಯಾಗಿ ಹಿಡಿದ ಪಾಲಿಯುರಿಥೇನ್ ಅಂಟಿಗೆ ಇದು ದೊಡ್ಡ ಭಾರವೇ ಅಲ್ಲ. ಈಗಿನ ಕಾರುಗಳ ಮುಂದಿನ ಗಾಜು ನಿಂತಿರುವುದೂ ಅದೇ ಜಾತಿಯ ಅಂಟಿನಿಂದ. ಆದರೂ ನಾನು ಒಂದು ಹೆಚ್ಚುವರಿ ಕೆಲಸ ಮಾಡಿದ್ದೇನೆ: ಪ್ರತಿ ಪ್ಯಾನೆಲ್ಲಿನ ಚೌಕಟ್ಟಿನಿಂದ 3 ಮಿಮೀ ಸ್ಟೀಲ್ ವೈರ್ ರೋಪ್ ತೆಗೆದು ಎಸಿ ಡಬ್ಬಿಯ ಫ್ರೇಮಿಗೆ ಕಟ್ಟಿದ್ದೇನೆ. ಅಂಟು ಬಿಟ್ಟರೂ ಪ್ಯಾನೆಲ್ ಟಾಪಿನ ಮೇಲೇ ಬಡಿದಾಡುತ್ತದೆ, ಹಿಂದೆ ಬರುವ ಬೈಕಿನವನ ಮುಖಕ್ಕೆ ಹೋಗುವುದಿಲ್ಲ.

ಮೂಲೆಗೆ ಎರಡು ಬಗೆಯ ಸಾಮಾನು ಸಿಗುತ್ತದೆ. ಒಂದು ಎಬಿಎಸ್ ಪ್ಲಾಸ್ಟಿಕ್ಕಿನ ಮೂಲೆ ಬ್ರಾಕೆಟ್, ಹೆಚ್ಚಾಗಿ ಏಳು ತುಂಡಿನ ಸೆಟ್: ನಾಲ್ಕು ಮೂಲೆ, ಎರಡು ಪಕ್ಕದ್ದು, ಒಂದು ಕೇಬಲ್ ಡಬ್ಬಿ. ಇನ್ನೊಂದು ಝಡ್ ಆಕಾರದ ಅಲ್ಯೂಮಿನಿಯಂ ಬ್ರಾಕೆಟ್. ಝಡ್ ಬ್ರಾಕೆಟ್ಟಿನ ಪಾದ ಚಿಕ್ಕದು, ಅದು ಬೋಲ್ಟಿಗೆ ಸರಿ. ಬರೀ ಅಂಟಿಗೆ ಅಗಲ ಪಾದದ ಮೂಲೆ ಬ್ರಾಕೆಟ್ಟೇ ವಾಸಿ.

ಅಂಟಿಸುವ ದಿನ

ಟಾಪ್ ಏಪ್ರಿಲ್ ಮಧ್ಯಾಹ್ನ ದೋಸೆ ಹೆಂಚು. ಆಗ ಅಂಟು ಬಳಿದರೆ ನೀವು ಪ್ಯಾನೆಲ್ ಇಡುವ ಮುಂಚೆಯೇ ಮೇಲೆ ಚರ್ಮ ಕಟ್ಟುತ್ತದೆ. ಬೆಳಗಿನ ಜಾವ ಇಬ್ಬನಿ ಇರುತ್ತದೆ. ಇಬ್ಬನಿ ಆರಿ ತಗಡು ಇನ್ನೂ ಕಾಯದ ಎಂಟು, ಒಂಬತ್ತು ಗಂಟೆ ಒಳ್ಳೆಯ ಹೊತ್ತು. ಇಲ್ಲವೇ ಗಾಡಿಯನ್ನು ನೆರಳಿಗೆ ಹಾಕಿ. ಹತ್ತುವಾಗ ಅಡ್ಡಪಟ್ಟಿಗಳ ಮೇಲೆ ಬರುವ ಹಾಗೆ ಪ್ಲೈ ಹಲಗೆ ಹಾಕಿ ಅದರ ಮೇಲೆ ಮಂಡಿಯೂರಿ, ಬರೀ ತಗಡಿನ ಮೇಲೆ ಕೂತರೆ ತಗ್ಗು ಬೀಳುತ್ತದೆ. ತಲೆ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ಗಾಳಿ ಇರುವ ದಿನ ಪ್ಯಾನೆಲ್ ಒಬ್ಬರೇ ಎತ್ತಬೇಡಿ, ಅದು ಹಾಯಿಯ ಹಾಗೆ ನಿಮ್ಮನ್ನೇ ಎಳೆಯುತ್ತದೆ.

ಕೆಳಗೇ ಬ್ರಾಕೆಟ್ಟುಗಳನ್ನು ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದುಕೊಳ್ಳಿ. ಚೌಕಟ್ಟಿಗೆ ತೂತು ಹಾಕುವಾಗ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿ, ಒಂದು ಸೆಂಟಿಮೀಟರ್ ಜಾಸ್ತಿ ಹೋದರೆ ಪ್ಯಾನೆಲ್ ಹಿಂಭಾಗದ ಹಾಳೆಗೆ ತಾಗುತ್ತದೆ. ಆಮೇಲೆ ಪೂರ್ತಿ ಜೋಡಣೆಯನ್ನು ಟಾಪಿನ ಮೇಲಿಟ್ಟು ಬ್ರಾಕೆಟ್ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆದು, ಗೆರೆಯ ಹೊರಗೆ ಮಾಸ್ಕಿಂಗ್ ಟೇಪ್ ಅಂಟಿಸಿ.

ಒಳಗಿನ ಜಾಗವನ್ನು ಸ್ಕಾಚ್ ಬ್ರೈಟ್ ಅಥವಾ ನಯವಾದ ಎಮರಿ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ತಗಡು ಕಾಣುವ ತನಕ ಬೇಡ. ಬ್ರಾಕೆಟ್ಟಿನ ಪಾದವನ್ನೂ ಉಜ್ಜಿ. ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆ ಬಿಳಿಯಾಗಿ ಉಳಿಯುವ ತನಕ. ಇಲ್ಲಿ ಒಂದು ಎಚ್ಚರ. ಆಲ್ಕೋಹಾಲ್ ಪೂರ್ತಿ ಆರಬೇಕು. ಹಸಿ ಪಾಲಿಯುರಿಥೇನ್ ಅಂಟಿಗೆ ಆಲ್ಕೋಹಾಲ್ ತಾಗಿದರೆ ಅದು ಗಟ್ಟಿಯಾಗುವುದೇ ಇಲ್ಲ, ಒಳಗೆ ಬೆಲ್ಲದ ಪಾಕದ ಹಾಗೆ ಉಳಿದುಬಿಡುತ್ತದೆ. ಅಂಚು ನಯ ಮಾಡಲು ಆಲ್ಕೋಹಾಲಿನಲ್ಲಿ ಬೆರಳು ಅದ್ದುವವರಿದ್ದಾರೆ, ಅದೂ ತಪ್ಪು. ಸೋಪಿನ ನೀರು ಸಾಕು.

ಅಂಟು ಎರಡು ಬಗೆಯದು ಬೇಕು. ಹಿಡಿದಿಡುವುದಕ್ಕೆ ಸಿಕಾಫ್ಲೆಕ್ಸ್ 252 ತರಹದ ಪಾಲಿಯುರಿಥೇನ್ ಅಂಟು. ಬಿಸಿಲಿಗೆ ತೆರೆದುಕೊಳ್ಳುವ ಅಂಚುಗಳಿಗೆ ಸಿಕಾಫ್ಲೆಕ್ಸ್ 521 ಯುವಿ ತರಹದ ಬಿಸಿಲು ತಡೆಯುವ ಸೀಲಂಟ್, ಅಂದರೆ ಸಂದಿ ಮುಚ್ಚಿ ನೀರು ತಡೆಯುವ ಪೇಸ್ಟ್. ಎಲ್ಲದಕ್ಕೂ ಒಂದೇ ಟ್ಯೂಬ್ ಬಳಸಿದರೆ ಏನಾಗುತ್ತದೆ ಅಂದರೆ, ಮಾಮೂಲಿ ಪಾಲಿಯುರಿಥೇನ್ ವರ್ಷಗಟ್ಟಲೆ ಬಿಸಿಲು ತಿಂದು ಮೇಲ್ಮೈ ಬಿರುಕು ಬಿಡುತ್ತದೆ. ಪ್ರೈಮರ್ ಬೇಕಾ ಬೇಡವಾ ಎಂಬುದು ಬಣ್ಣ, ಪ್ಲಾಸ್ಟಿಕ್ ಎರಡನ್ನೂ ನೋಡಿ ಬದಲಾಗುತ್ತದೆ, ಆ ಅಂಟಿನ ಕಂಪನಿ ಹಾಳೆಯಲ್ಲಿ ಬರೆದಂತೆ ಮಾಡಿ. ಸಿಲಿಕೋನ್ ಮಾತ್ರ ಮನೆಯಲ್ಲೇ ಇರಲಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಕಷ್ಟ, ಒಮ್ಮೆ ಸಿಲಿಕೋನ್ ಬಳಿದ ಜಾಗಕ್ಕೆ ಆಮೇಲೆ ಬೇರೆ ಏನೂ ಹಿಡಿಯುವುದಿಲ್ಲ. ನನ್ನ ಅರ್ಧ ಟ್ಯೂಬಿನ ಪಾಪ ತೊಳೆಯಲು ಒಂದು ಇಡೀ ಭಾನುವಾರ ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು ಕೂತಿದ್ದೆ. ಪೂರ್ತಿ ಹೋಗಿದೆಯಾ ಎಂದು ನೋಡಲು ಮೇಲೆ ಎರಡು ಹನಿ ನೀರು ಹಾಕಿ. ನೀರು ಮುತ್ತಾಗಿ ಉರುಳಿದರೆ ಸಿಲಿಕೋನ್ ಇನ್ನೂ ಇದೆ.

ನಳಿಕೆಯ ತುದಿಯನ್ನು ಉಲ್ಟಾ ವಿ ಆಕಾರಕ್ಕೆ ಕತ್ತರಿಸಿದರೆ ಅಂಟು ತ್ರಿಕೋನದ ಗೆರೆಯಾಗಿ, ಸುಮಾರು ಒಂದು ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಪಾದದ ತುಂಬ ಬೆಣ್ಣೆ ಹಚ್ಚಿದ ಹಾಗೆ ಬಳಿಯಬೇಡಿ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ, ಅಂಚಿನಿಂದ ಒಳಕ್ಕೆ, ದಿನಕ್ಕೆ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಪೂರ್ತಿ ಬಳಿದರೆ ನಡುವಿನದು ವಾರಗಟ್ಟಲೆ ಹಸಿ ಇರುತ್ತದೆ. ಎರಡು ಸೆಂಟಿಮೀಟರ್ ಬಿಟ್ಟು ಸಾಲು ಸಾಲು ಎಳೆಯಿರಿ, ನೀರು ನಿಲ್ಲದೆ ಹರಿದು ಹೋಗುವ ದಿಕ್ಕಿಗೆ. ಪ್ರತಿ ಪಾದದ ಕೆಳಗೆ 3 ಮಿಮೀ ದಪ್ಪದ ರಬ್ಬರ್ ವಾಷರ್ ಒಂದೆರಡು ಇಡಿ. ಇಲ್ಲದಿದ್ದರೆ ಪ್ಯಾನೆಲ್ ಭಾರಕ್ಕೆ ಅಂಟೆಲ್ಲ ಹೊರಗೆ ಹಿಸುಕಿ ಕಾಗದದಷ್ಟು ತೆಳುವಾಗುತ್ತದೆ. ಯಾಕೆ ದಪ್ಪ ಬೇಕು? ಅಲ್ಯೂಮಿನಿಯಂ ಬಿಸಿಗೆ ಸ್ಟೀಲಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಪ್ಯಾನೆಲ್ಲಿನಲ್ಲಿ 40 ಡಿಗ್ರಿ ಏರಿಳಿತಕ್ಕೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ, ದಿನಾ ಹಗಲು ರಾತ್ರಿ. ಅಷ್ಟು ಎಳೆದಾಟವನ್ನು ಮೂರು ಮಿಲಿಮೀಟರ್ ರಬ್ಬರಿನಂಥ ಅಂಟು ಸಲೀಸಾಗಿ ತಡೆಯುತ್ತದೆ, ತೆಳು ಪದರ ಹರಿಯುತ್ತದೆ.

ಪ್ಯಾನೆಲ್ ನೇರವಾಗಿ ಇಳಿಸಿ, ಒಮ್ಮೆ ಒತ್ತಿ, ಕೈ ಬಿಡಿ. ಜರುಗಿಸಿ ಸರಿ ಮಾಡಲು ಹೋಗಬೇಡಿ. ಎರಡು ದಿನ ಗಾಡಿ ಅಲ್ಲೇ ಇರಲಿ. ಹೆದ್ದಾರಿಗೆ ಒಂದು ವಾರ ಬಿಟ್ಟು ಇಳಿಸಿ. ಆ ಎರಡು ದಿನದ ಮೇಲೆ ಬ್ರಾಕೆಟ್ಟಿನ ಸುತ್ತ ಬಿಸಿಲು ತಡೆಯುವ ಸೀಲಂಟ್ ಓರೆಯಾಗಿ ಎಳೆಯಿರಿ, ನಡುನಡುವೆ ಒಂದೊಂದು ಸಣ್ಣ ಸಂದಿ ಬಿಟ್ಟು. ಒಳಗಿನ ಅಂಟಿಗೆ ತೇವ ಬೇಕಲ್ಲ, ಒಳ ಹೊಕ್ಕ ನೀರೂ ಹೊರಗೆ ಬರಬೇಕಲ್ಲ.

ಆ ಒಂದು ತೂತು

ಈಗ ಅಸಲಿ ವಿಷಯ. ಸಾಧ್ಯವಾದರೆ ಹೊಸ ತೂತೇ ಬೇಡ. ಎಸಿಗೆ ಅಂತ ಮೊದಲೇ ಕೊರೆದ ದಾರಿ ಇದ್ದು ಅದರಲ್ಲಿ ಜಾಗ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕೊರೆಯಬೇಕು, ಆದರೆ ಜಾಗ ಆರಿಸಲು ಒಂದು ಗಂಟೆ ಕೊಡಿ.

ಜಾಗ ಹೀಗಿರಬೇಕು: ಉಬ್ಬು ಗೆರೆಗಳ ನಡುವಿನ ತಗ್ಗಿನಲ್ಲಲ್ಲ, ಸಮತಟ್ಟಾದ ಎತ್ತರದಲ್ಲಿ. ಪ್ಯಾನೆಲ್ಲಿನ ಹಿಂದಿನ ಅಂಚಿಗೆ ಹತ್ತಿರ, ಆದಷ್ಟು ಅದರ ನೆರಳಲ್ಲಿ. ಕೆಳಗೆ ಅಡ್ಡಪಟ್ಟಿ ಬರಬಾರದು, ದೀಪದ ವೈರ್ ಬರಬಾರದು, ಮಂಚ ಬರಬಾರದು. ಕೊನೆಯದು ನನ್ನ ಸೇರ್ಪಡೆ. ಸೋರಿದರೂ ಕಪಾಟಿನೊಳಗೆ ಸೋರಲಿ, ಬಾಗಿಲು ತೆಗೆದರೆ ಕಾಣುವಂತಿರಲಿ.

ಗ್ಲ್ಯಾಂಡುಗಳು ಗಾಡಿಯ ಹಿಂದಕ್ಕೆ ಮುಖ ಮಾಡಿರಬೇಕು. ಮುಂದಕ್ಕೆ ಇಟ್ಟರೆ 80ರ ವೇಗದಲ್ಲಿ ಮಳೆ ನೀರನ್ನು ನೀವೇ ಪಿಚಕಾರಿಯಲ್ಲಿ ಒಳಗೆ ಹೊಡೆದಂತೆ.

ಒಂದು ಗ್ಲ್ಯಾಂಡಿಗೆ ಒಂದೇ ಕೇಬಲ್. ಗ್ಲ್ಯಾಂಡಿನೊಳಗಿನ ರಬ್ಬರ್ ಬಳೆ ದುಂಡಗಿನ ಒಂದು ಕೇಬಲ್ಲನ್ನು ಸುತ್ತಲೂ ಹಿಸುಕುತ್ತದೆ. ಎರಡು ಕೇಬಲ್ ಹಾಕಿದರೆ ಅವೆರಡರ ನಡುವೆ ಎರಡು ಕಡೆ ತ್ರಿಕೋನದ ಸಂದಿ ಉಳಿಯುತ್ತದೆ, ಎಷ್ಟು ಬಿಗಿದರೂ ಮುಚ್ಚುವುದಿಲ್ಲ. ನಮ್ಮ ದಿಂಬು ಒದ್ದೆ ಆದದ್ದು ಆ ಸಂದಿಯಿಂದ. 4 ಚದರ ಮಿಮೀ ಸೋಲಾರ್ ಕೇಬಲ್ ಹೊರಗಿನಿಂದ ಐದಾರು ಮಿಮೀ ದಪ್ಪ ಇರುತ್ತದೆ, ಅದಕ್ಕೆ 4 ರಿಂದ 8 ಮಿಮೀ ಹಿಡಿಯುವ ಪಿಜಿ9 ಅಳತೆಯ ಗ್ಲ್ಯಾಂಡ್ ಸರಿ. ಎಬಿಎಸ್ ಸೆಟ್ಟಿನ ಕೇಬಲ್ ಡಬ್ಬಿಯಲ್ಲಿ ಎರಡು ಗ್ಲ್ಯಾಂಡ್ ಹಾಕಲು ಜಾಗ ಇರುತ್ತದೆ. ಡಬ್ಬಿಯ ಒಳಗೆ ಟಾಪಿನ ತೂತು, ಡಬ್ಬಿಯ ಪಕ್ಕದಿಂದ ಕೇಬಲ್. ಟಾಪಿನ ತೂತಿಗೆ ನೇರ ಮಳೆಯೇ ಬೀಳುವುದಿಲ್ಲ, ಅದು ಈ ಡಬ್ಬಿಯ ಜಾಣತನ.

ಕೊರೆಯುವಾಗ ಒಳಗಿನ ಪ್ಲೈಯನ್ನು ಆ ಭಾಗದಲ್ಲಿ ಬಿಚ್ಚಿಟ್ಟುಕೊಳ್ಳಿ. ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ, ಮೊದಲು 3 ಮಿಮೀ ತೂತು. ಕೆಳಗೆ ಹೋಗಿ ಸರಿಯಾದ ಜಾಗವೇ ಎಂದು ನೋಡಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಡ್ರಿಲ್ ಬಿಟ್ಟಿನಿಂದ (ಸ್ಟೆಪ್ ಬಿಟ್) ನಿಧಾನಕ್ಕೆ 16 ಮಿಮೀ ತನಕ ಅಗಲ ಮಾಡಿ. ಅಂಚನ್ನು ಅರದಿಂದ ನಯ ಮಾಡಿ. ಹಾರಿದ ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಎತ್ತಿ, ಟಾಪ್ ಪೂರ್ತಿ ಒರೆಸಿ. ಅಲ್ಲೇ ಬಿಟ್ಟರೆ ಒಂದು ರಾತ್ರಿಯ ಇಬ್ಬನಿಗೆ ಬಿಳಿ ಬಣ್ಣದ ಮೇಲೆ ಕಂದು ಚುಕ್ಕಿಗಳು ಮೂಡುತ್ತವೆ, ಅವು ಆಮೇಲೆ ಹೋಗುವುದಿಲ್ಲ.

ತೂತಿನ ಬರೀ ಅಂಚಿಗೆ ಝಿಂಕ್ ಪ್ರೈಮರ್, ಅದು ಒಣಗಿದ ಮೇಲೆ ಎರಡು ಕೋಟ್ ಬಣ್ಣ, ಸಣ್ಣ ಬ್ರಷ್ಷಿನಲ್ಲಿ. ಆತುರಕ್ಕೆ ಇದನ್ನು ಬಿಟ್ಟರೆ ಸೀಲಂಟಿನ ಕೆಳಗೆ ತುಕ್ಕು ಹರಡಿ ಸೀಲಂಟನ್ನೇ ಎತ್ತಿಬಿಡುತ್ತದೆ. ಬಣ್ಣ ಒಣಗಿದ ಮೇಲೆ ತೂತಿಗೆ ರಬ್ಬರ್ ಗ್ರೋಮೆಟ್ (ಅಂಚು ಮುಚ್ಚುವ ಬಳೆ) ಕೂರಿಸಿ, ಕೇಬಲ್ಲಿನ ಹೊದಿಕೆ ತಗಡಿಗೆ ಉಜ್ಜಬಾರದು.

ಈಗ ಕೇಬಲ್ ತೂರಿಸುವುದು. ಕ್ರಮ ತಪ್ಪಿಸಬೇಡಿ: ಮೊದಲು ಕೇಬಲ್ಲನ್ನು ಗ್ಲ್ಯಾಂಡಿನ ಮೂಲಕ ಡಬ್ಬಿಗೆ, ಡಬ್ಬಿಯಿಂದ ತೂತಿಗೆ, ತೂತಿನಿಂದ ಒಳಗೆ. ಆಮೇಲೆ ಡಬ್ಬಿಯ ಅಂಚಿನ ಸುತ್ತ ಎಲ್ಲೂ ಕಡಿಯದ ಹಾಗೆ ಒಂದೇ ಗೆರೆಯಲ್ಲಿ ಸೀಲಂಟ್. ಬ್ರಾಕೆಟ್ಟಿಗೆ ಸಂದಿ ಬಿಡಿ ಎಂದೆನಲ್ಲ, ಇಲ್ಲಿ ಬಿಡಬೇಡಿ. ನಾನು ತೂತಿನ ಸುತ್ತ ಇನ್ನೊಂದು ಚಿಕ್ಕ ವೃತ್ತವನ್ನೂ ಎಳೆದೆ, ಡಬ್ಬಿ ಸೋತರೂ ಒಂದು ಒಡ್ಡು ಇರಲಿ ಎಂದು. ಡಬ್ಬಿ ಒತ್ತಿದಾಗ ಸುತ್ತಲೂ ಸೀಲಂಟ್ ಹೊರಗೆ ಉಬ್ಬಿ ಬರಬೇಕು. ಬಾರದ ಕಡೆ ಖಾಲಿ ಇದೆ ಎಂದರ್ಥ, ಎತ್ತಿ ಮತ್ತೆ ಹಾಕಿ. ಅಂಚನ್ನು ಸೋಪಿನ ನೀರಿನ ಬೆರಳಲ್ಲಿ ಇಳಿಜಾರು ಮಾಡಿ. ಗ್ಲ್ಯಾಂಡಿನ ಟೋಪಿಯನ್ನು ಕೈಯಲ್ಲಿ ಬಿಗಿದು, ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು.

ಗ್ಲ್ಯಾಂಡಿಗೆ ಬರುವ ಮುಂಚೆ ಕೇಬಲ್ ಸ್ವಲ್ಪ ಕೆಳಗಿಳಿದು ಮತ್ತೆ ಏರುವ ಹಾಗೆ ಬಿಡಿ, ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಒಳಗೂ ಅಷ್ಟೇ. ತೂತಿನಿಂದ ಇಳಿದ ಕೇಬಲ್ಲನ್ನು ನೇರ ಕಂಟ್ರೋಲರಿಗೆ (ಪ್ಯಾನೆಲ್ಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಡಬ್ಬಿ) ಎಳೆಯಬೇಡಿ, ಒಂದು ಜೋಲು ಬಿಟ್ಟು ಆಮೇಲೆ ಮೇಲೆತ್ತಿ. ಸೋರಿದ ನೀರು ಆ ಜೋಲಿನ ತಳದಲ್ಲಿ ಬೀಳುತ್ತದೆ, ಕಂಟ್ರೋಲರಿನ ಬಾಯಿಗಲ್ಲ.

ಟಾಪಿನ ಮೇಲೆ ಕೇಬಲ್ಲನ್ನು ಪ್ರತಿ 20, 30 ಸೆಂಟಿಮೀಟರಿಗೆ ಕಟ್ಟಿ, ಬಿಸಿಲು ತಡೆಯುವ ಕಪ್ಪು ಟೈ ಬಳಸಿ. ಬಿಳಿಯದು ಒಂದೆರಡು ಬೇಸಿಗೆಗೆ ಪುಡಿಯಾಗುತ್ತದೆ. ಸಡಿಲ ಕೇಬಲ್ ಗಾಳಿಗೆ ಟಾಪಿಗೆ ಬಡಿಯುತ್ತದೆ, ಹೊದಿಕೆ ಸವೆಯುತ್ತದೆ. ಘಾಟಿಗಳಲ್ಲಿ ಇನ್ನೊಬ್ಬ ಇನ್ಸ್‌ಪೆಕ್ಟರ್ ಇದ್ದಾನೆ, ಮಂಗ. ಒಮ್ಮೆ ಚಾರ್ಮಾಡಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಮೇಲೆ ದಡಬಡ ಸದ್ದು ಕೇಳಿ ಹತ್ತಿ ನೋಡಿದರೆ, ಒಬ್ಬ ಕೇಬಲ್ ಹಿಡಿದು ಎಳೆದು ಎಳೆದು ನೋಡುತ್ತಿದ್ದ. ಪಾಸಾಯಿತು.

ಒಳಗೆ

ಇದು ಬೇಗ ಹೇಳುತ್ತೇನೆ. ನನ್ನ ಎರಡು ಪ್ಯಾನೆಲ್ ಸೀರೀಸಿನಲ್ಲಿವೆ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದ್ದು, 36 ವೋಲ್ಟ್ ಸುಮಾರು, ಐದೂವರೆ ಆಂಪಿಯರ್. ಆರು ಮೀಟರ್ ದೂರಕ್ಕೆ 4 ಚದರ ಮಿಮೀ ಕೇಬಲ್ಲಿನಲ್ಲಿ ಒಂದು ಶೇಕಡಾಕ್ಕಿಂತ ಕಡಿಮೆ ನಷ್ಟ. ಅದನ್ನೇ ಪ್ಯಾರಲಲ್ ಮಾಡಿದರೆ, ಅಂದರೆ ಅಕ್ಕಪಕ್ಕ ಜೋಡಿಸಿದರೆ, 18 ವೋಲ್ಟ್, 11 ಆಂಪಿಯರ್, ನಷ್ಟ ನಾಲ್ಕು ಶೇಕಡಾ ಹತ್ತಿರ ಬರುತ್ತದೆ. ಒಂದು ಪ್ಯಾನೆಲ್ಲಿಗೆ ಪದೇಪದೇ ನೆರಳು ಬೀಳುವಂತಿದ್ದರೆ ಪ್ಯಾರಲಲ್ ಒಳ್ಳೆಯದು. ಸೀರೀಸಿಗೆ ಪ್ಯಾನೆಲ್ಲಿನ ಜಾಸ್ತಿ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಎಂಪಿಪಿಟಿ ಕಂಟ್ರೋಲರ್ ಬೇಕೇ ಬೇಕು, ಅದು ತಡೆಯುವ ವೋಲ್ಟ್ ಎಷ್ಟು ಎಂದು ನೋಡಿ ತನ್ನಿ. ಲೋಡ್ ಇಲ್ಲದಾಗ ಈ ಎರಡು ಸೇರಿ 44 ವೋಲ್ಟ್ ತನಕ ಹೋಗುತ್ತವೆ, ಚಳಿಗೆ ಇನ್ನೂ ಸ್ವಲ್ಪ ಜಾಸ್ತಿ.

ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, 200 ವ್ಯಾಟಿಗೆ 20 ಆಂಪಿಯರ್ ಕಂಟ್ರೋಲರ್, 6 ಚದರ ಮಿಮೀ ವೈರ್, 25 ಆಂಪಿಯರ್ ಫ್ಯೂಸ್. ಕೆಲಸ ಮಾಡುವಾಗ ಪ್ಯಾನೆಲ್ಲಿನ ಮೇಲೆ ದಪ್ಪ ಕಂಬಳಿ ಹೊದಿಸಿ. ಬಿಸಿಲಿನಲ್ಲಿ ಕರೆಂಟ್ ಹರಿಯುವಾಗ ಪ್ಯಾನೆಲ್ ಕೇಬಲ್ ತುದಿಯ ಎಂಸಿ4 ಕನೆಕ್ಟರ್ ಎಳೆದು ಬಿಚ್ಚಬೇಡಿ, ಪ್ಯಾನೆಲ್ಲಿನ ಡಿಸಿ ಕರೆಂಟಿನ ಕಿಡಿ ಮನೆಯ ಎಸಿ ಕರೆಂಟಿನ ಕಿಡಿಯ ಹಾಗೆ ತಾನಾಗಿ ಆರುವುದಿಲ್ಲ.

ನೀರು ಬಿಟ್ಟು ನೋಡುವುದು

ಪ್ಲೈ ಮತ್ತೆ ಮುಚ್ಚುವ ಮುಂಚೆ ಪರೀಕ್ಷೆ. ಸೀಲಂಟ್ ಹಾಕಿ ಮೂರು ನಾಲ್ಕು ದಿನ ಆಗಿರಲಿ. ಒಳಗೆ ತೂತಿನ ಸುತ್ತ ಟಿಶ್ಯೂ ಪೇಪರ್ ಅಂಟಿಸಿ, ಕೇಬಲ್ಲಿನ ಜೋಲಿಗೂ ಒಂದು ಸುತ್ತಿ. ಅಕ್ಕಪಕ್ಕದ ತಗಡಿಗೆ ಮಕ್ಕಳ ಪೌಡರ್ ಉದುರಿಸಿದರೆ ಇನ್ನೂ ಒಳ್ಳೆಯದು, ಒಂದೇ ಹನಿ ಹರಿದರೂ ಗೆರೆ ಕಾಣುತ್ತದೆ.

ಒಬ್ಬರು ಮೇಲೆ ಪೈಪ್ ಹಿಡಿಯಿರಿ, ಒಬ್ಬರು ಒಳಗೆ ಟಾರ್ಚ್ ಹಿಡಿಯಿರಿ. ಪ್ರೆಶರ್ ವಾಷರ್ ಬೇಡ, ಅದು ಒಳ್ಳೆ ಸೀಲನ್ನೂ ಹಾಳು ಮಾಡುತ್ತದೆ. ಮಾಮೂಲಿ ತೋಟದ ಪೈಪು, ನಿಧಾನ ಧಾರೆ. ಮೊದಲು ಡಬ್ಬಿಯ ಕೆಳಗಿನ ಇಳಿಜಾರಿಗೆ ಐದು ನಿಮಿಷ, ಆಮೇಲೆ ಡಬ್ಬಿಯ ಬುಡಕ್ಕೆ, ಕೊನೆಗೆ ಗ್ಲ್ಯಾಂಡುಗಳಿಗೆ. ಒಂದೇ ಸಲ ಎಲ್ಲ ಕಡೆ ಸುರಿದರೆ ಸೋರಿದಾಗ ಎಲ್ಲಿಂದ ಎಂದು ಗೊತ್ತಾಗುವುದಿಲ್ಲ, ಅಲ್ವಾ? ಒಟ್ಟು 20 ನಿಮಿಷ ಆಗಲಿ. ನಂತರ ಗಾಡಿಯ ಮೂತಿಯನ್ನು ಇಳಿಜಾರಿಗೆ ನಿಲ್ಲಿಸಿ ಮತ್ತೆ ಹತ್ತು ನಿಮಿಷ. ಘಾಟಿಯಲ್ಲಿ ಗಾಡಿ ಸಮತಟ್ಟಾಗಿ ನಿಲ್ಲುವುದು ಅಪರೂಪ.

ಸೋರಿದರೆ ಮೇಲೆ ಇನ್ನೊಂದಿಷ್ಟು ಸೀಲಂಟ್ ಬಳಿಯುವ ಆಸೆ ಬರುತ್ತದೆ. ಮಾಡಬೇಡಿ. ಡಬ್ಬಿ ಕತ್ತರಿಸಿ ಎತ್ತಿ, ಕೆರೆದು, ಒರೆಸಿ, ಮೊದಲಿನಿಂದ ಹಾಕಿ. ಮೇಲೆ ಬಳಿದದ್ದು ನೀರನ್ನು ಒಳಗೆ ಕೂಡಿಹಾಕುತ್ತದೆ, ಅಷ್ಟೇ.

ಆಮೇಲೆ ವರ್ಷಕ್ಕೆ ಎರಡು ಸಲ ಹತ್ತಿ ನೋಡಿದರೆ ಸಾಕು. ಮೇ ಕೊನೆಯಲ್ಲಿ, ಮುಂಗಾರಿನ ಮುಂಚೆ ಒಮ್ಮೆ. ಆಯುಧ ಪೂಜೆಗೆ ಗಾಡಿ ಹೇಗೂ ತೊಳೆಯುತ್ತೇವಲ್ಲ, ಆಗ ಇನ್ನೊಮ್ಮೆ. ಸೀಲಂಟಿನ ಅಂಚನ್ನು ಉಗುರಿನಿಂದ ಎತ್ತಿ ನೋಡಿ, ಬೋಲ್ಟ್ ತಿರುಗಿಸಿ ನೋಡಿ, ಬ್ರಾಕೆಟ್ಟಿನ ಸುತ್ತ ಕಂದು ಗೆರೆ ಇದೆಯಾ ನೋಡಿ. ಪ್ಯಾನೆಲ್ಲಿನ ಧೂಳು ನೀರು ಮತ್ತು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕುಂಕುಮ, ಗಂಧ ಬಾನೆಟ್ಟಿಗೆ ಇಡಿ, ಪ್ಯಾನೆಲ್ಲಿಗೆ ಬೇಡ. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ, ಆದರೆ ಕಾಫಿ ತೋಟದ ದಾರಿಯಲ್ಲಿ ಬಾಗಿದ ಕೊಂಬೆಗಳ ಬಗ್ಗೆ ಹೇಳುತ್ತೇನೆ: ನಿಮ್ಮ ಗಾಡಿ ಈಗ ಮೊದಲಿಗಿಂತ ಹತ್ತು ಸೆಂಟಿಮೀಟರ್ ಜಾಸ್ತಿ ಎತ್ತರ ಆಗಿದೆ, ಹೊಸ ಎತ್ತರ ಬರೆದ ಚೀಟಿಯನ್ನು ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ.

ಕಪಾಟಿನೊಳಗೆ ಕೇಬಲ್ ಜೋಲಿಗೆ ಸುತ್ತಿದ ಟಿಶ್ಯೂ ಪೇಪರನ್ನು ನಾನು ತೆಗೆದಿಲ್ಲ. ಮಳೆಯೂರಿಗೆ ಹೋದಾಗ ಬೆಳಗ್ಗೆ ಎದ್ದು ಮೊದಲು ಅದನ್ನು ಮುಟ್ಟಿ ನೋಡುತ್ತೇನೆ, ಕಾಫಿ ಆಮೇಲೆ.